ಮೇಸ್ತ್ರಿ ಕಟ್ಟಿದ ದಾರ

ಶಿಕಾರಿಪುರ ಮತ್ತು ಸೊರಬದ ನಡುವೆ ಓಡುತ್ತಿದ್ದ ಹಳೇ ಬಸ್ಸೊಂದಕ್ಕೆ ನಾನು ಡ್ರೈವರ್ ಆಗಿದ್ದೆ. ಕನ್ನಡದ ಊರುಗಳೆಲ್ಲ ಸೇರಿ ಒಂದೇ ರಾಜ್ಯವಾಗಿ ಎರಡು ವರ್ಷ ಕಳೆದಿದ್ದ ಕಾಲ. ಬಸ್ಸು ನನಗಿಂತ ಐದಾರು ವರ್ಷ ಚಿಕ್ಕದು, ಕಾಯಿಲೆ ಮಾತ್ರ ನೂರೆಂಟು. ಫ್ಯೂಸ್ ಹೋದಾಗಲೆಲ್ಲ ನಾನು ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿ ತುರುಕಿ ಓಡಿಸುತ್ತಿದ್ದೆ. ಆ ಬುದ್ಧಿವಂತಿಕೆಯ ಫಲವಾಗಿ ಒಂದು ದಿನ ತಾಳಗುಂದದ ಹತ್ತಿರ ಫ್ಯೂಸ್ ಬಾಕ್ಸೇ ಕರಗಿ, ಬಸ್ಸಿನ ತುಂಬ ಸುಟ್ಟ ವಾಸನೆ ಹಬ್ಬಿತು.

ಶಿವಮೊಗ್ಗದಿಂದ ಬೇರೆ ಬಾಕ್ಸ್ ತರಿಸುವಷ್ಟರಲ್ಲಿ ಆಯುಧಪೂಜೆ ಬಂದೇಬಿಟ್ಟಿತು. ಹಬ್ಬದ ಹಿಂದಿನ ದಿನ ಶಿಕಾರಿಪುರದಿಂದ ಗಾಡಿ ರಿಪೇರಿಯ ಮೇಸ್ತ್ರಿ ಸೊರಬಕ್ಕೆ ಬಂದರು. ಸ್ಪ್ಯಾನರ್ ಹಿಡಿಯುವುದನ್ನು ನನಗೆ ಕಲಿಸಿದವರೇ ಅವರು. ಅರವತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಆದರೂ ಅವರ ಬೆರಳಿಗೆ ತಿಳಿಯದ ನಟ್ಟು ಈ ಸೀಮೆಯ ಯಾವ ಗಾಡಿಯಲ್ಲೂ ಇರಲಿಲ್ಲ. ನಾನು ಹೊಳೆಯಿಂದ ನೀರು ತಂದು ಚಕ್ರ ತೊಳೆಯುತ್ತಿದ್ದೆ. ಅವರು ಸ್ಟೇರಿಂಗಿನ ಕೆಳಗೆ ಮಲಗಿ, ಸುಟ್ಟ ಬಾಕ್ಸನ್ನು ಬಿಚ್ಚಿಟ್ಟು, ಸಾಹುಕಾರರ ಮನೆಗೆ ಊಟಕ್ಕೆ ಹೋದರು. ಸಾಹುಕಾರರೆಂದರೆ ಬಸ್ಸಿನ ಮಾಲೀಕರು.

ನನಗೆ ಮೊದಲಿನಿಂದಲೂ ಚೊಕ್ಕಟದ ಹುಚ್ಚು. ನಮ್ಮ ಕಡೆ ಆಯುಧಪೂಜೆಯಲ್ಲಿ ಗಾಡಿಯ ಸ್ಟೇರಿಂಗು, ಗೇರು, ಕೊನೆಗೆ ಹಾರನ್ನಿನ ತಂತಿಗೂ ಅರಿಸಿನದ ದಾರ ಕಟ್ಟುತ್ತಾರೆ. ಹೊಸ ದಾರ ಕಟ್ಟುವ ಮುಂಚೆ ಹೋದ ವರ್ಷದ್ದನ್ನು ತೆಗೆದು ನೀರಿಗೆ ಬಿಡಬೇಕು, ಇಲ್ಲದಿದ್ದರೆ ಪೂಜೆ ಮುಟ್ಟುವುದಿಲ್ಲ ಎಂಬ ನಂಬಿಕೆ. ಸ್ಟೇರಿಂಗಿನ ಕೆಳಗೆ ಬಗ್ಗಿ ನೋಡಿದೆ. ಜೋತಾಡುತ್ತಿದ್ದ ತಂತಿಗಳಿಗೆಲ್ಲ ಎಣ್ಣೆ ಹತ್ತಿ ಕಪ್ಪಾದ ದಾರಗಳಿದ್ದವು. ಬ್ಲೇಡಿನಿಂದ ಒಂದೂ ಬಿಡದೆ ಕತ್ತರಿಸಿ, ಒಣಗಿದ ಹೂವಿನ ಜೊತೆ ಹೊಳೆಗೆ ಹಾಕಿ ಬಂದು ಕೈ ತೊಳೆದುಕೊಂಡೆ.

ಊಟ ಮುಗಿಸಿ ಬಂದ ಮೇಸ್ತ್ರಿ ಮತ್ತೆ ಕೆಳಗೆ ಮಲಗಿ ಕೈ ಆಡಿಸಿದರು. ತುಂಬ ಹೊತ್ತು ಆಡಿಸಿದರು. ಸಾಹುಕಾರರು ಕೊಡೆ ಊರಿಕೊಂಡು ಪಕ್ಕದಲ್ಲೇ ನಿಂತಿದ್ದರು. ಹಳೇ ತಂತಿಗಳ ಬಣ್ಣ ಯಾರಿಗೂ ಕಾಣುವಂತಿರಲಿಲ್ಲ. ಅದಕ್ಕೇ ಮೇಸ್ತ್ರಿ ಬಾಕ್ಸ್ ಬಿಚ್ಚುವಾಗ ಎಣ್ಣೆಗೈಯಲ್ಲೇ ಒಂದೊಂದು ತಂತಿಗೂ ದಾರ ಕಟ್ಟಿ, ದೀಪದ್ದಕ್ಕೆ ಒಂದು ಗಂಟು, ಹಾರನ್ನಿಗೆ ಎರಡು, ಹೀಗೆ ಬೆರಳಿಗೆ ಸಿಗುವಂತೆ ಗುರುತು ಮಾಡಿಟ್ಟಿದ್ದರು. ಅದು ನನಗೆ ತಿಳಿದದ್ದು ಅವರು ಕೇಳಿದಾಗ.

"ಗಂಟು ಹಾಕಿ ದಾರ ಕಟ್ಟಿದ್ನಲ್ಲೋ ತಮ್ಮಾ, ಎಲ್ಲಿ ಹೋದ್ವು?"

ಬೇಗಡೆ ತುರುಕಿ ಬಾಕ್ಸ್ ಸುಟ್ಟದ್ದಕ್ಕೆ ಸಾಹುಕಾರರು ಆಗಲೇ ನನ್ನ ಮೇಲೆ ಉರಿಯುತ್ತಿದ್ದರು.

"ನೀವು ಕಟ್ಟಿದ್ದನ್ನ ನಾನು ನೋಡ್ಲಿಲ್ಲ ಮೇಸ್ತ್ರಿ," ಎಂದೆ.

ಅದು ಸುಳ್ಳಲ್ಲ. ಅವರು ಕಟ್ಟುವಾಗ ನಾನು ಚಕ್ರದ ಹತ್ತಿರ ಇದ್ದೆ. ಈ ಸಮರ್ಥನೆಯನ್ನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ನಾಚಿಕೆಯಿಲ್ಲದೆ.

ಮೇಸ್ತ್ರಿ ಒಂದೊಂದೇ ತಂತಿಯನ್ನು ಬಲ್ಬು ಹಚ್ಚಿ ಪರೀಕ್ಷಿಸುತ್ತ, ಸಾಹುಕಾರರ ಅವಸರದ ನಡುವೆ, ಹೊತ್ತು ಮುಳುಗುವುದರೊಳಗೆ ಹೊಸ ಬಾಕ್ಸನ್ನು ಕೂರಿಸಿದರು. ಮರುದಿನ ಬಸ್ಸಿಗೆ ಬಾಳೆಕಂದು ಕಟ್ಟಿ, ಆರತಿ ಎತ್ತಿ, ಕುಂಬಳಕಾಯಿ ಒಡೆದದ್ದಾಯಿತು. ಸಾಹುಕಾರರು ಹಾರನ್ ಒತ್ತಿದರು. ಅದು ಒಮ್ಮೆ ಕೂಗಿ ನಿಂತಿತು, ಹಿಂದೆಯೇ ಸ್ಟೇರಿಂಗಿನ ಕೆಳಗಿನಿಂದ ಹೊಗೆ ಬಂತು. ಫ್ಯೂಸಿನ ಆಚೆ ಬದಿಗೆ ಸೇರಬೇಕಾದ ತಂತಿ ಈಚೆಗೆ ಸೇರಿ, ಹೊಸ ಬಾಕ್ಸೂ ಸುಟ್ಟಿತ್ತು. ನೆರೆದ ಜನ ನಕ್ಕರು. ವಯಸ್ಸಾದ ಮೇಲೆ ಮನೆಯಲ್ಲಿರಬೇಕು ಎಂದು ಸಾಹುಕಾರರು ಎಲ್ಲರೆದುರೇ ಅಂದರು. ನಾನು ಬಕೆಟ್ ಹಿಡಿದುಕೊಂಡು ನಿಂತಿದ್ದೆ. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇನ್ನು ಬರುವುದಿರಲಿಲ್ಲ, ಆದರೂ ಬಾಯಿ ಬಿಡಲಿಲ್ಲ.

ಅಂದಿನಿಂದ ಮೇಸ್ತ್ರಿ ಯಾವ ಗಾಡಿಯನ್ನೂ ಮುಟ್ಟಲಿಲ್ಲವೆಂದು ಕೇಳಿದೆ. ದೀಪಾವಳಿ ಕಳೆದ ಮೇಲೆ, ಈಗಲಾದರೂ ಹೇಳಿಯೇಬಿಡಬೇಕೆಂದು ಶಿಕಾರಿಪುರದ ಅವರ ಮನೆಗೆ ಹೋದೆ. ಮಧ್ಯಾಹ್ನ. ಮೇಸ್ತ್ರಿ ಆಗತಾನೆ ಉಂಡು ಜಗಲಿಗೆ ಬಂದು ಕೂತಿದ್ದರು, ಕೈಯಿನ್ನೂ ಒದ್ದೆಯಿತ್ತು. ನನ್ನನ್ನು ಕಂಡು ಸಂತೋಷಪಟ್ಟರು. ಸಾಮಾನಿನ ಚೀಲವನ್ನು ತಂದು ನನ್ನ ಮುಂದಿಟ್ಟರು.

"ಕಣ್ಣು ಹೋದ್ರೆ ಬೆರಳು ಅದಾವು ಅಂತ ಧೈರ್ಯ ಇತ್ತು ತಮ್ಮಾ. ಕಟ್ಟದೇ ಇದ್ದ ದಾರ ಕಟ್ಟೀನಿ ಅಂತ ತಲೀನ ಹೇಳಾಕ ಹತ್ತಿದ್ರೆ ಏನ್ ಮಾಡ್ಲಿ? ನೀ ಮುಖ ನೋಡದೆ ಖರೇ ಹೇಳಿದಿ. ಇದು ನಿಂಗೇ ಇರ್ಲಿ."

ದಾರ ಕತ್ತರಿಸಿದ್ದು ನಾನೇ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಒಳಗೆ ತಿರುಗಿ, ಸಣ್ಣ ದನಿಯಲ್ಲಿ ಹೆಂಡತಿಯನ್ನು ಕೇಳಿದರು, "ನಂದು ಊಟ ಆತೇನ?"

ಆಯಿತೆಂದು ಆಕೆ ಒಳಗಿನಿಂದಲೇ ಹೇಳಿದರು. ದಿನಾ ಕೇಳುವ ಪ್ರಶ್ನೆಗೆ ಉತ್ತರಿಸುವ ದನಿ ಅದು. ಮೇಸ್ತ್ರಿ ತಲೆಯಾಡಿಸಿ, ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡರು. ನಾನು ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಬಂದೆ.