ಕಣ್ಣೊಳಗೆ ನಿಂತ ಕಂಬಳಿ

ಮಸ್ಕಿಯ ಅಮರೇಶ್ವರಿಗೆ ಲಿಂಗಸುಗೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ. ಜನರಿಗೆ ಬಂದ ಜಡ್ಡನ್ನು ಅಂಕಿ ಮಾಡಿ ಕಂಪ್ಯೂಟರಿಗೆ ಹಾಕುವುದು. ಸಿಂಧನೂರಿಗೆ ಬಸ್ಸಿನಲ್ಲಿ ಓಡಾಡಿ ಕಲಿತು ಬಂದ ವಿದ್ಯೆ ಅದು. ಕಣ್ಣಗುಡ್ಡೆಯೊಳಗೆ ತಿಳಿ ಗಂಜಿಯಂಥದೊಂದು ತುಂಬಿರುತ್ತದೆ. ಅದು ಕೆಟ್ಟರೆ ಎಚ್ ನಲವತ್ಮೂರು. ಅದರಲ್ಲಿ ರಕ್ತ ಇಳಿದಿದ್ದರೆ ಮುಂದೆ ಚುಕ್ಕಿ ಇಟ್ಟು ಒಂದು, ಬರೀ ಕಸ ತೇಲುತ್ತಿದ್ದರೆ ಚುಕ್ಕಿ ಇಟ್ಟು ಮೂರು. ಅಂಕಿ ತಪ್ಪಿದರೆ ರಾಯಚೂರಿನ ಆಪರೇಷನ್ನಿಗೆ ಮಂಜೂರಾತಿ ಬರುವುದಿಲ್ಲ.

ಡಾಕ್ಟರು ಬರೆದದ್ದನ್ನು ನೋಡಿ ಹಾಕಿದರೆ ಸಾಕಿತ್ತು. ಆದರೆ ಎದುರು ಕೂತವರನ್ನು "ಏನ್ ಕಾಣ್ತೈತ್ರಿ?" ಎಂದು ಕೇಳದೆ ಅವಳ ಕೈ ಓಡುತ್ತಿರಲಿಲ್ಲ. ನೊಣ ಅಂದವರಿದ್ದರು, ಕೂದಲೆಳೆ ಅಂದವರಿದ್ದರು, ಹೊಗೆ ಅಂದವರಿದ್ದರು. ಮನುಷ್ಯ ಕಾಣುತ್ತಾನೆ ಅಂದವರು ಯಾರೂ ಇರಲಿಲ್ಲ, ಗುರುಗುಂಟಾದ ಪಾರ್ವತೆಮ್ಮ ಬರುವ ತನಕ.

ಪಾರ್ವತೆಮ್ಮನಿಗೆ ಸಕ್ಕರೆ ಕಾಯಿಲೆ. ಬಲಗಣ್ಣಿನೊಳಗೆ ರಕ್ತ ಇಳಿದಿತ್ತು. ಆಪರೇಷನ್ ತಡವಾದರೆ ಆ ಕಣ್ಣು ಹೋದಂತೆಯೇ ಎಂದು ಡಾಕ್ಟರು ಹೇಳಿದ್ದರು. ಮುದುಕಿ ಒಲ್ಲೆ ಎಂದು ಹಟ ಹಿಡಿದಿದ್ದಳು. ಮಗಳು ಜ್ಯೋತಿ ಬೇಡಿಕೊಂಡು ಸೋತು, ಕೊನೆಗೆ ತಾಯಿಯನ್ನು ಅಮರೇಶ್ವರಿಯ ಮೇಜಿನ ಮುಂದೆ ತಂದು ಕೂರಿಸಿದಳು.

"ಏನ್ ಕಾಣ್ತೈತ್ರಿ ಯಮ್ಮಾ?"

"ನಮ್ಮನಿಯಾಂವ. ತಲಿಮ್ಯಾಲ ಕಂಬಳಿ ಕೊಪ್ಪಿ ಹಾಕ್ಕೊಂಡು ನಿಂತಾನ. ಮಕ ಕಾಣವಲ್ದು."

"ಅಪ್ಪ ತೀರಿಕೊಂಡು ವರ್ಷ ಆತ್ರಿ," ಎಂದು ಜ್ಯೋತಿ ಮೆಲ್ಲಗೆ ಹೇಳಿದಳು.

ಗ್ಯಾನಪ್ಪ ಕುರಿ ಕಾಯುತ್ತಿದ್ದವನು. ಅವರ ಮನೆತನದಲ್ಲಿ ಮಣ್ಣು ಕೊಡುವಾಗ ಸತ್ತವನ ಕಂಬಳಿಯನ್ನು ಅವನಿಗೇ ಹೊದಿಸಿ ಕಳಿಸುವುದು ಪದ್ಧತಿ. ಪಾರ್ವತೆಮ್ಮ ಅದನ್ನು ಬಚ್ಚಿಟ್ಟು ಹಳೆ ಚಾದರ ಹೊದಿಸಿದ್ದಳು. ಕಂಬಳಿಯಲ್ಲಿ ಅವನ ಮೈವಾಸನೆ ಇತ್ತು. ಬಿಟ್ಟುಕೊಡಲು ಮನಸ್ಸು ಬಂದಿರಲಿಲ್ಲ.

"ಮಲಗಿದ್ರ ಮೈಮ್ಯಾಲ ಬರ್ತಾನ. ಎದ್ದು ಕುಂತ್ರ ಕಾಲ ಬುಡಕ್ಕ ಹೋಗಿ ಕುಂದರ್ತಾನ. ಥಂಡಿ ಹತ್ತಿರಬೇಕು, ತನ್ನ ಕಂಬಳಿ ಕೇಳಾಕ ಬಂದಾನ ತಂಗಿ. ಅದನ್ನ ಕೊಡದಾಂಗ ಕಣ್ಣಾಗಿಂದ ಕಿತ್ತು ಒಗದ್ರ ಅಂವ ಎಲ್ಲಿಗೆ ಹೋಗಬೇಕು?"

ಮಲಗಿದಾಗ ರಕ್ತ ಹರಡುತ್ತದೆ, ಕೂತಾಗ ತಳಕ್ಕೆ ಇಳಿಯುತ್ತದೆ. ಅಮರೇಶ್ವರಿಗೆ ಅದು ಗೊತ್ತಿತ್ತು. ಎಲ್ಲರಿಗೂ ಹೇಳಿಕೊಡುವ ಉಪಾಯವನ್ನೇ ಹೇಳಿಕೊಟ್ಟಳು.

"ಬಲಗಣ್ಣು ಮುಚ್ರಿ. ಅದಾನೇನು?"

"ಇಲ್ಲ."

"ಅದನ್ನ ತಗದು ಎಡಗಣ್ಣು ಮುಚ್ರಿ."

"ಬಂದ ನೋಡು."

"ಈಗ ಬಾಗಲ ಕಡೆ ಕಣ್ಣು ಹೊಳ್ಳಸ್ರಿ."

"ಅಂವನೂ ಆ ಕಡೆ ಹೊಂಟ."

"ಹಂಗಾದ್ರ ಅದು ಕಣ್ಣಾಗಿಂದ್ರಿ. ಹೊರಗ ಖರೇನ ಇದ್ದದ್ದು ಯಾವ ಕಣ್ಣು ಮುಚ್ಚಿದ್ರೂ ಇದ್ದಲ್ಲೇ ಇರ್ತೈತಿ."

ಪಾರ್ವತೆಮ್ಮ ನಕ್ಕಳು. "ಖರೆ ಐತಿ ಬಿಡು. ಬದುಕಿದ್ದಾಗ ನಾ ಕರದ ಕಡೆ ಒಂದಿನಾನೂ ಬಂದಾಂವಲ್ಲ."

"ಈಗರ ನಡಿ ಬೇ ರಾಯಚೂರಿಗೆ," ಎಂದಳು ಜ್ಯೋತಿ.

"ಬರ್ತೀನಿ. ಅಂವಂದು ಅಂವಗ ಕೊಟ್ಟು ಬರ್ತೀನಿ."

ಆ ಸಂಜೆಯೇ ತಾಯಿ ಮಗಳು ತಮ್ಮ ಮನೆ ಮುಂದಿನ ಹೊಲದಲ್ಲಿ ಗ್ಯಾನಪ್ಪನನ್ನು ಮಣ್ಣು ಮಾಡಿದ ಜಾಗ ಅಗೆದು ಕಂಬಳಿ ಹೂತು, ಮೇಲೆ ಕಲ್ಲು ಹೇರಿದರು. ಅಮರೇಶ್ವರಿ ರಕ್ತದ ಅಂಕಿ ಹಾಕಿ, ಬಲಗಣ್ಣು ಎಂದು ಗುರುತು ಮಾಡಿದಳು. ಮಂಜೂರಾತಿ ಬಂತು. ರಾಯಚೂರಿನಲ್ಲಿ ಆಪರೇಷನ್ ಚೆನ್ನಾಗಿ ಆಯಿತು.

ಚಳಿ ಶುರುವಾದ ಮೇಲೆ ಪಾರ್ವತೆಮ್ಮ ತೋರಿಸಿಕೊಳ್ಳಲು ಒಬ್ಬಳೇ ಬಸ್ಸು ಹತ್ತಿ ಬಂದಳು. ಕಣ್ಣು ತಿಳಿಯಾಗಿದೆ ಎಂದು ಡಾಕ್ಟರು ಬರೆದುಕೊಟ್ಟಿದ್ದರು.

"ಈಗೇನ್ ಕಾಣ್ತೈತ್ರಿ?" ಅಮರೇಶ್ವರಿ ನಗುತ್ತಲೇ ಕೇಳಿದಳು.

"ಎಲ್ಲಾ ಕಾಣ್ತೈತಿ." ಮುದುಕಿ ಸೆರಗು ಸರಿಮಾಡಿಕೊಂಡಳು. "ಮನಿ ಬಾಗಲಾಗ ನಿಂತ್ರ ಅಂವನ ಜಾಗಾನೂ ಕಾಣ್ತೈತಿ. ಮೊನ್ನೆ ಮುಂಜಾನಿ ನೋಡ್ತೀನಿ, ಕಲ್ಲಿನ ಮ್ಯಾಲ ಕಂಬಳಿ ಐತಿ."

"ನಾಯಿ ಕೆದರಿರಬೇಕ್ರಿ."

"ಕಲ್ಲು ಹೇರಿದ್ದು ಹೇರಿದಂಗ ಐತಿ. ಮತ್ತ ನಾಯಿ ಮಡಚಿ ಇಡ್ತಾವೇನು ತಂಗಿ?"

ಅಮರೇಶ್ವರಿ ಡಾಕ್ಟರ ಚೀಟಿಯನ್ನು ಮತ್ತೊಮ್ಮೆ ಓದಿದಳು. "ಕಣ್ಣು ಇನ್ನೂ ಹಸಿ ಐತ್ರಿ. ಹಂಗ ಕಂಡಿರಬೇಕು."

ಪಾರ್ವತೆಮ್ಮ ಅಂಗೈಯಿಂದ ಬಲಗಣ್ಣು ಮುಚ್ಚಿ ತೋರಿಸಿದಳು, ಆಮೇಲೆ ಎಡಗಣ್ಣು. "ನೀ ಹೇಳಿದಂಗ ಹಿಂಗ ನೋಡೀನಿ, ಹಿಂಗೂ ನೋಡೀನಿ. ಇದ್ದಲ್ಲೇ ಇತ್ತು. ಹೋಗಿ ಮುಟ್ಟಿದೆ. ಸುತ್ತ ಎಲ್ಲಾ ಇಬ್ಬನಿ ಬಿದ್ದೈತಿ, ಅದೊಂದು ಬೆಚ್ಚಗ ಐತಿ, ಯಾರೋ ಈಗ ಹೊದ್ದು ಎದ್ದಂಗ."

"ಆಮ್ಯಾಲೇನ್ ಮಾಡಿದ್ರಿ?"

"ಏನ್ ಮಾಡ್ಲಿ? ಮನಿಗೆ ತಂದೀನಿ. ಅಂವ ಹೊಳ್ಳಿ ಕೊಟ್ಟ ಮ್ಯಾಲ ಒಲ್ಲೆ ಅನ್ನಾಕ ಬರ್ತದೇನು? ನಾನ ಹೊದ್ಕೊಂಡು ಮಲಗ್ತೀನಿ."

ಅಮರೇಶ್ವರಿ ಈಗಲೂ ಎದುರು ಕೂತವರನ್ನೆಲ್ಲ ಏನು ಕಾಣುತ್ತದೆ ಎಂದು ಕೇಳುತ್ತಾಳೆ. ಒಂದೊಂದೇ ಕಣ್ಣು ಮುಚ್ಚಿ ನೋಡುವ ಉಪಾಯವನ್ನು ಮಾತ್ರ ಯಾರಿಗೂ ಹೇಳಿಕೊಡುವುದಿಲ್ಲ.