ಎಲ್ಲರೂ ಹೌದೆಂದ ಪ್ರಶ್ನೆ

ಎಂಬತ್ತರ ದಶಕದ ಆರಂಭ. ಕಾರ್ಕಳದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ನಾನು ರಜೆ ಹಾಕಿ, ಸಂವಹನ ವಿಷಯದಲ್ಲಿ ಸಂಶೋಧನೆಗೆಂದು ಮಣಿಪಾಲ ಸೇರಿದ್ದೆ. ರೇಡಿಯೊದ ಕೃಷಿ ಕಾರ್ಯಕ್ರಮ ರೈತರನ್ನು ಎಷ್ಟು ತಲುಪುತ್ತದೆ ಎಂದು ತಿಳಿಯುವುದು ನನ್ನ ಉದ್ದೇಶ. ಅದಕ್ಕಾಗಿ ಗುಳ್ಳ ಬದನೆ ಬೆಳೆಯುವ ಮಟ್ಟು ಗ್ರಾಮವನ್ನು ಆರಿಸಿಕೊಂಡೆ. ಕಟಪಾಡಿಯಲ್ಲಿ ಬಸ್ಸಿಳಿದು, ಪ್ರಶ್ನೆಪಟ್ಟಿಗಳ ಕಟ್ಟು ಹಿಡಿದು ಮನೆಮನೆಗೆ ನಡೆಯುತ್ತಿದ್ದೆ. "ದಿನಾಲೂ ಕಾರ್ಯಕ್ರಮ ಕೇಳುತ್ತೀರಾ?" ಎಂದರೆ ಎಲ್ಲರೂ ಹೌದೆನ್ನುತ್ತಿದ್ದರು. ನಾನು ಒಳಗೊಳಗೇ ಹಿಗ್ಗಿ ಎರಡು ಅಧ್ಯಾಯ ಬರೆದೂ ಬಿಟ್ಟಿದ್ದೆ.

ಒಂದು ಮಧ್ಯಾಹ್ನ ನನ್ನ ಕೈಗಡಿಯಾರ ನಿಂತುಹೋಯಿತು. ಹಿಂದೆ ಉತ್ತರ ಕೊಟ್ಟಿದ್ದ ಹೆಂಗಸೊಬ್ಬರ ಜಗಲಿಯಲ್ಲಿ ಕುಳಿತಿದ್ದೆ. ಬಸ್ಸು ತಪ್ಪೀತೆಂದು, "ಅಕ್ಕ, ಸ್ವಲ್ಪ ರೇಡಿಯೊ ಹಾಕಿ, ಸಮಯ ಗೊತ್ತಾಗ್ತದೆ" ಎಂದೆ.

"ಅದರ ಸೆಲ್ ಹೋಗಿ ವರ್ಷ ಆಯ್ತು" ಎಂದು ಅವರು ನಕ್ಕರು.

"ಮತ್ತೆ ದಿನಾ ಕೇಳ್ತೇವೆ ಅಂತ ಹೇಳಿದ್ರಲ್ಲ?"

"ನೀವು ಅಷ್ಟು ದೂರದಿಂದ ಬಿಸಿಲಿನಲ್ಲಿ ನಡೆದು ಬಂದದ್ದು ಟೀಚರೇ. ಇಲ್ಲ ಅಂದ್ರೆ ನಿಮಗೆ ಬೇಜಾರಾಗುವುದಿಲ್ವಾ? ಇಲ್ಲಿ ಎಲ್ಲರೂ ಹಾಗೇ ಹೇಳಿದ್ದು."

ಕೈಯಲ್ಲಿದ್ದ ಪ್ರಶ್ನೆಪಟ್ಟಿಗಳ ಕಟ್ಟನ್ನು ಬದಿಗಿಟ್ಟೆ. "ಹಾಗಾದ್ರೆ ಗಿಡಕ್ಕೆ ಹೊಡೆಯುವ ಹೊಸ ಔಷಧಿಯ ವಿಷಯ ಎಲ್ಲ ನಿಮಗೆ ಹೇಗೆ ಗೊತ್ತಾಗುವುದು?" ಎಂದು ಕೇಳಿದೆ.

"ಗುಳ್ಳ ಮಾರಲಿಕ್ಕೆ ಉಡುಪಿಗೆ ಹೋಗುವ ಹೆಂಗಸರು ಇದ್ದಾರಲ್ಲ, ಅವರು ಸುದ್ದಿ ತರ್ತಾರೆ."

ಒಂದು ವಾರ ಮಟ್ಟುವಿಗೆ ಹೋಗಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುಚ್ಚಿಡುವ ಆಸೆಯೂ ಬಂದಿತ್ತು, ಈಗ ಸುಳ್ಳು ಹೇಳಲಾರೆ. ಆದರೆ ಬರೆಯಲು ಕುಳಿತರೆ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ. ಶನಿವಾರ ಮಾರ್ಗದರ್ಶಕರ ಕೋಣೆಗೆ ಹೋಗಿ, ನಿಂತೇ ಎಲ್ಲವನ್ನೂ ಹೇಳಿದೆ. ಅವರು ಶಿಸ್ತಿನ ಮನುಷ್ಯ, ಮಾತು ಕಡಿಮೆ. ಸಂಶೋಧನೆ ಬಿಟ್ಟು ಹೋಗಿ ಎನ್ನುತ್ತಾರೆಂದೇ ಭಾವಿಸಿದ್ದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕುಳಿತುಕೊಳ್ಳಿ. ಇದು ನನಗೂ ಆಗಿತ್ತು."

"ಯಾವಾಗ ಸರ್?"

"ನನ್ನ ಪ್ರಬಂಧದಲ್ಲಿ. ಜನ ಕೊಟ್ಟ ಉತ್ತರದ ಮೇಲೆ ಅನುಮಾನ ಬಂದಿತ್ತು, ಆದರೆ ಮತ್ತೆ ಹೋಗಿ ಕೇಳುವ ಧೈರ್ಯ ಆಗಲಿಲ್ಲ. ಇವತ್ತಿಗೂ ಆ ಪುಟ ತೆರೆಯಲಿಕ್ಕೆ ಮನಸ್ಸು ಬರುವುದಿಲ್ಲ." ನಾನು ಮೊದಲೇ ಕೊಟ್ಟಿದ್ದ ಎರಡು ಅಧ್ಯಾಯಗಳನ್ನು ನನ್ನತ್ತ ಸರಿಸಿದರು. "ಇವನ್ನು ಬಿಡಿ. ಅವರು ಯಾಕೆ ಹೌದು ಅಂದ್ರು, ಅದನ್ನು ಬರೆಯಿರಿ. ಆ ಮಾರ್ಕೆಟಿನ ಹೆಂಗಸರ ಜೊತೆ ಹೋಗಿ ನೋಡಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅಂದು ಊರಿಗೆ ಹೊರಟ ಬಸ್ಸಿನಲ್ಲಿ ಎಂಥ ನಿದ್ದೆ ಬಂತೆಂದರೆ ನಡುದಾರಿಯ ಹಿರಿಯಡ್ಕ ದಾಟಿದ್ದೂ ಗೊತ್ತಾಗಲಿಲ್ಲ. ಕಾರ್ಕಳದಲ್ಲಿ ಕಂಡಕ್ಟರ್ ಎಬ್ಬಿಸಬೇಕಾಯಿತು.

ಮುಂದಿನ ಚಳಿಗಾಲವಿಡೀ ಬುಟ್ಟಿ ಹೊತ್ತ ಆ ಹೆಂಗಸರೊಂದಿಗೆ ಉಡುಪಿಗೆ ಹೋಗಿಬಂದೆ. ಪ್ರಶ್ನೆಪಟ್ಟಿ ನನ್ನ ಚೀಲದಲ್ಲೇ ಇರುತ್ತಿತ್ತು. ನಮ್ಮ ಮಾತು ತುಳುವಿನಲ್ಲಿ. ಯಾವ ಗಿಡಕ್ಕೆ ಹುಳ ಬಿತ್ತು, ಯಾರು ಏನು ಸಿಂಪಡಿಸಿದರು, ಎಲ್ಲ ಸುದ್ದಿಯೂ ಅವರ ನಡುವೆ ಓಡಾಡುತ್ತಿತ್ತು. ಪ್ರಬಂಧ ಮುಗಿಯಲು ಅಂದುಕೊಂಡದ್ದಕ್ಕಿಂತ ಬಹಳ ತಡವಾಯಿತು. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಉಳಿದದ್ದನ್ನೆಲ್ಲ ಬೇಗ ಮುಗಿಸಿ ಆ ಹೆಂಗಸರ ಬಗ್ಗೆಯೇ ಕೇಳುತ್ತ ಹೋದರು. ನಾನು ಒಮ್ಮೆಯೂ ತಡವರಿಸಲಿಲ್ಲ.