ಹೊಸ ನೀರಿಗೆ ಬಲೆ ಸುತ್ತಿಟ್ಟ ತಪ್ಪಿಗೆ

ಮೀನಿನ ರುಚಿಯೇ ಗೊತ್ತಿಲ್ಲದ ಒಂಬತ್ತು ಜನ ಕೂತು ರಾಜ್ಯಕ್ಕೊಂದು ಮೀನು ಆರಿಸಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಇಲ್ಲವೆಂದರೆ ಈಗ ಕೇಳಿ. ಆ ಒಂಬತ್ತರಲ್ಲಿ ನಾನೂ ಒಬ್ಬ.

ನವಿಲು ರಾಷ್ಟ್ರಪಕ್ಷಿಯಾದಾಗಿನಿಂದ ನಮ್ಮ ಜನಕ್ಕೆ ಕಂಡಕಂಡದ್ದಕ್ಕೆಲ್ಲ ಪಟ್ಟ ಕಟ್ಟುವ ಹುಚ್ಚು ಹಿಡಿದಿದೆ. ದಾವಣಗೆರೆಯಲ್ಲಿ ಹಂಗಾಮು ಮುಗಿದು ಖಾಲಿ ಬಿದ್ದಿದ್ದ ಒಂದು ಹತ್ತಿ ಗೋದಾಮಿನಲ್ಲಿ ವಸ್ತುಪ್ರದರ್ಶನ ಮಾಡುವುದೆಂದಾಯಿತು. ಸಮಿತಿಯೂ ಆಯಿತು. ಹತ್ತಿ ವ್ಯಾಪಾರಿಗಳು, ಎಣ್ಣೆ ಗಿರಣಿಯ ಅಧ್ಯಕ್ಷರು, ಒಬ್ಬ ವಕೀಲರು, ನೂಲಿನ ಅಂಗಡಿಯ ನಾನು. (ಎಲ್ಲರೂ ಬೆಳಿಗ್ಗೆ ಲಿಂಗಪೂಜೆ ಮುಗಿಸಿಯೇ ಬಾಯಿಗೆ ನೀರು ಹಾಕುವವರು.) ಮೀನುಗಾರಿಕೆ ಇಲಾಖೆಯಿಂದ ಬಂದ ಯುವ ಸಾಹೇಬರು ಒಂದು ಐಡಿಯಾ ಕೊಟ್ಟರು. ‘ರಾಜ್ಯದ ಮೀನು’ ಅಂತ ಒಂದನ್ನು ಆರಿಸಿ ಗಾಜಿನ ತೊಟ್ಟಿಯಲ್ಲಿ ಬಿಡೋಣ, ಸರ್ಕಾರಕ್ಕೂ ಶಿಫಾರಸು ಕಳಿಸೋಣ ಎಂದರು.

ಯಾವ ಮೀನು? ಸಾಹೇಬರು ಆಗಲೇ ಆರಿಸಿಕೊಂಡು ಬಂದಿದ್ದರು. ಟ್ರೌಟ್! ಬಣ್ಣದ ಚಿತ್ರಗಳ ಇಂಗ್ಲಿಷ್ ಪುಸ್ತಕ ಬಿಚ್ಚಿ ಅದರ ಗುಣಗಾನ ಶುರುಮಾಡಿದರು. ತಣ್ಣನೆಯ ತಿಳಿನೀರಿನಲ್ಲೇ ಬಾಳುತ್ತದಂತೆ. ಕಲ್ಲಿನ ಮರೆಯಲ್ಲಿ ಹರಿವಿಗೆ ಮುಖ ಮಾಡಿ ನಿಲ್ಲುತ್ತದಂತೆ. ಮೊಟ್ಟೆಯಿಡುವ ಕಾಲ ಬಂದರೆ ನೀರಿಗೆದುರಾಗಿ ಈಜಿ ತಾನು ಹುಟ್ಟಿದ ಹಳ್ಳಕ್ಕೇ ಹೋಗಿ, ಬಾಲದಿಂದ ಜಲ್ಲಿ ಕೆದಕಿ ಮೊಟ್ಟೆಯಿಡುತ್ತದಂತೆ. ಆ ತಿಂಗಳುಗಳಲ್ಲಿ ವಿಲಾಯತಿಯ ಜನ ಗಾಳವನ್ನು ಮುಟ್ಟುವುದೇ ಇಲ್ಲವಂತೆ. ಮುಟ್ಟಿದರೆ ಕಾನೂನಿನ ಪ್ರಕಾರ ಶಿಕ್ಷೆ.

“ನೋಡಿ, ಎಂಥ ಸೈಂಟಿಫಿಕ್ ಜನ!” ಎಂದು ಸಾಹೇಬರು ಪುಸ್ತಕ ಮುಚ್ಚಿದರು.

“ಇದು ನಮ್ಮ ಹೊಳೆಯಲ್ಲಿ ಇದೆಯೇ?” ಎಂದು ಕೇಳಿದೆ. ಇಲ್ಲವಂತೆ. ನಮ್ಮ ಬಿಸಿಲಿಗೆ ಸತ್ತೇಹೋಗುತ್ತದಂತೆ. ಮತ್ತೆ ಅದು ನಮ್ಮ ಮೀನು ಹೇಗಾಯಿತು?

ಅಧ್ಯಕ್ಷರ ಚಿಂತೆಯೇ ಬೇರೆ. “ಅದೇನ್ ತಿಂತೈತ್ರಿ?”

“ನೊಣ, ಹುಳ, ಸಣ್ಣ ಮೀನು.”

“ಹಂಗಾದ್ರೆ ಬ್ಯಾಡ ಬಿಡ್ರಿ.”

ಟ್ರೌಟ್ ಫೇಲ್. ಕಪ್ಪೆ ನುಂಗುವ ಕೊರವ ಮೀನೂ ಫೇಲ್. ಕಂಡದ್ದನ್ನೆಲ್ಲ ನುಂಗುವ ಬಾಳೆಮೀನಿನ ಹೆಸರೆತ್ತಲೂ ಬಿಡಲಿಲ್ಲ. ಕೊನೆಗೆ ಗೆಂಡೆಮೀನಿನ ಸರದಿ. ಪಾಚಿ, ಎಲೆ, ದಡದ ಮರದಿಂದ ಉದುರಿದ ಹಣ್ಣು ಇದರ ಊಟ ಎಂದು ಸಾಹೇಬರು ಹೇಳಿದ್ದೇ ತಡ, ಅಧ್ಯಕ್ಷರು “ಇದು ನಮ್ಮೋರ ಪೈಕಿ ಐತೆ!” ಎಂದರು. ಒಂಬತ್ತು ಕೈಗಳೂ ಮೇಲೆದ್ದವು.

ಇಲ್ಲಿಯವರೆಗೆ ನಗುವ ಮಾತು. ಇನ್ನು ಮುಂದಿನದಕ್ಕೆ ನನಗೆ ನಗು ಬರುವುದಿಲ್ಲ.

ಹರಿಹರದ ಹನುಮಂತಪ್ಪ ಹೊಳೆಯಲ್ಲಿ ಮೀನು ಹಿಡಿದು ಬದುಕುವವನು. ಬಲೆ ಹೆಣೆಯಲು ಇಪ್ಪತ್ತು ವರ್ಷಗಳಿಂದ ನಮ್ಮ ಅಂಗಡಿಯಲ್ಲೇ ಹುರಿನೂಲು ಕೊಳ್ಳುತ್ತಾನೆ. ತೊಟ್ಟಿಗೆ ಜೀವಂತ ಗೆಂಡೆ ಬೇಕೆಂದಾಗ ಅವನ ಹೆಸರು ಹೇಳಿದವನು ನಾನು. ಸಾಹೇಬರನ್ನು ಬಸ್ಸು ಹತ್ತಿಸಿ ಅವನ ಮನೆಗೆ ಕರೆದೊಯ್ದವನೂ ನಾನೇ.

ಹೊಳೆಗೆ ಮುಂಗಾರಿನ ಕೆಂಪು ನೀರು ಬಂದು ಮೂರು ದಿನವಾಗಿತ್ತು. ಹನುಮಂತಪ್ಪನ ಮನೆಯಲ್ಲಿ ಬಲೆಯನ್ನು ಸುತ್ತಿ, ಅರಿಶಿನ ಕುಂಕುಮ ಹಚ್ಚಿ, ತೊಲೆಗೆ ತೂಗುಹಾಕಿದ್ದರು.

“ಬರ್ರಿ ಸಾವ್ಕಾರ್ರೇ, ಕೂಡ್ರಿ” ಎಂದು ಚಾಪೆ ಹಾಸಿದ. ಬಂದ ವಿಷಯ ಕೇಳಿ ಕೈ ಮುಗಿದ. “ಹೊಸ ನೀರು ಬಂದೈತ್ರಿ. ಗೆಂಡೆ ಬಸುರಿ ಅದಾವೆ, ಮೇಲ್ಕ ಹೊಂಟಾವೆ, ತವರಿಗೆ ಹೋದಂಗೆ. ಮೊಟ್ಟಿ ಇಟ್ಟು ಇಳಿಯೋ ತನಕ ನಾವು ಬಲೆ ಬಿಚ್ಚಂಗಿಲ್ಲ. ನಮ್ಮಪ್ಪನೂ ಬಿಚ್ಚಲಿಲ್ಲ.”

“ಒಂದೇ ಮೀನಪ್ಪ” ಎಂದರು ಸಾಹೇಬರು. “ಹೊಟ್ಟೆ ತುಂಬ ಮೊಟ್ಟೆ ಇರೋದೇ ಬೇಕು. ತೊಟ್ಟಿಯಲ್ಲಿ ದಪ್ಪಗೆ ಕಾಣುತ್ತೆ.”

“ಅದನ್ನೇ ಬ್ಯಾಡ ಅನ್ನಾಕತ್ತೀನ್ರಿ. ಹದಿನೈದು ದಿನ ತಡೀರಿ. ನಾನೇ ಹೊತ್ತು ತಂದು ಕೊಡ್ತೀನಿ.”

“ಅಲ್ಲೀತನಕ ಮನೆ ಹೆಂಗೆ ನಡೀತೈತೆ?” ಎಂದು ನಾನು ಕೇಳಿದೆ. ಒಳಗಿನಿಂದ ಅವನ ಹೆಂಡತಿ ಹೇಳಿದಳು: “ಹೊಲದ ಕೂಲಿಗೆ ಹೋಗ್ತೀವ್ರಿ. ರೊಟ್ಟಿ ಖಾರ ತಿಂತೀವ್ರಿ. ವರ್ಷಾ ಹಿಂಗೇ.”

ಸಾಹೇಬರು ನನ್ನ ಕಡೆ ತಿರುಗಿ, “ಸೂಪರ್‌ಸ್ಟಿಷನ್!” ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಇದೇ ಮಾತು ಬಣ್ಣದ ಪುಸ್ತಕದಲ್ಲಿದ್ದಾಗ ಸೈಂಟಿಫಿಕ್. ಹನುಮಂತಪ್ಪನ ಬಾಯಲ್ಲಿ ಬಂದರೆ ಮೂಢನಂಬಿಕೆ. ಅಲ್ಲಿ ಗಾಳ ಮುಟ್ಟದವನು ಜಂಟಲ್‌ಮನ್, ಇಲ್ಲಿ ಬಲೆ ಸುತ್ತಿಟ್ಟವನು ದಡ್ಡ. ಇದು ಯಾವ ನ್ಯಾಯ? ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. “ಅದು ಬೇರೆ, ಇದು ಬೇರೆ” ಎಂದು ಸಾಹೇಬರು ಕಿಟಕಿಯಾಚೆ ನೋಡಿದರು. (ಹನುಮಂತಪ್ಪನ ಎದುರೇ ಕೇಳಬೇಕಿತ್ತು. ಕೇಳಲಿಲ್ಲ. ಅದು ನನ್ನ ಹೇಡಿತನ.)

ಮರುದಿನವೇ ಸಾಹೇಬರಿಗೆ ಒಬ್ಬ ಕಂಟ್ರಾಕ್ಟರ್ ಸಿಕ್ಕ. ಹಳ್ಳವು ಹೊಳೆಗೆ ಸೇರುವ ಬಾಯಿಗೆ ಬಿದಿರಿನ ತಟ್ಟಿ ಅಡ್ಡಗಟ್ಟಿ, ಹತ್ತಲು ಬಂದ ಗೆಂಡೆಗಳನ್ನೆಲ್ಲ ಬುಟ್ಟಿಗಟ್ಟಲೆ ಬಾಚಿದ. ಒಂದು ಮೀನು ತೊಟ್ಟಿಗೆ ಬಂತು. ಉಳಿದವು ಸಂತೆಗೆ ಹೋದವು.

ಪ್ರದರ್ಶನಕ್ಕೆ ಜನವೋ ಜನ. ತೊಟ್ಟಿಯ ಮೇಲೆ ‘ನಮ್ಮ ರಾಜ್ಯದ ಹೆಮ್ಮೆಯ ಮೀನು’ ಎಂಬ ಬೋರ್ಡು. ಒಬ್ಬ ಅಜ್ಜಿ ಗಾಜಿಗೆ ಮುಖ ಹಚ್ಚಿ ನೋಡಿ, “ಅಯ್ಯಯ್ಯ, ಬಸುರೀನ ತಂದು ಕೂಡಿಹಾಕ್ಯಾರಲ್ರೋ!” ಎಂದಳು. ಎರಡನೆಯ ದಿನ ಮಧ್ಯಾಹ್ನ ಮೀನು ಹೊಟ್ಟೆ ಮೇಲಾಗಿ ತೇಲಿತು. ಸಮಿತಿಯವರು ತೊಟ್ಟಿಗೆ ಬಟ್ಟೆ ಹೊದಿಸಿದರು. ಬೋರ್ಡು ತೆಗೆಯುವುದು ಯಾರಿಗೂ ಹೊಳೆಯಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ನಾನು ಈ ಅಂಕಣದಲ್ಲಿ ಬೇರೇನಾದರೂ ಬರೆಯುತ್ತಿದ್ದೆ.

ಹೋದ ತಿಂಗಳು ಹನುಮಂತಪ್ಪ ಒಂದು ಕಾಗದ ಹಿಡಿದು ಅಂಗಡಿಗೆ ಬಂದ, ಓದಿ ಹೇಳಿ ಎಂದು. ಓದಿದೆ. ಇಲಾಖೆಯ ಕೆಲಸಕ್ಕೆ ಸಹಕರಿಸದ ಕಾರಣ ಅವನ ಮೀನು ಹಿಡಿಯುವ ಪರ್ಮಿಟ್ಟು ರದ್ದು. ಅಪ್ಪನ ಕಾಲದಿಂದ ಅವನು ಬಲೆ ಬೀಸುತ್ತಿದ್ದ ಹೊಳೆಯ ಆ ಭಾಗ ಇನ್ನು ಮೇಲೆ ಕಂಟ್ರಾಕ್ಟರನದು.

ಹನುಮಂತಪ್ಪ ಕಾಗದವನ್ನು ವಾಪಸ್ ಇಸಿದುಕೊಂಡು ನಾಲ್ಕಾಗಿ ಮಡಿಸಿದ. ಆಮೇಲೆ, “ಮೀನು ಹಿಡಿದಿದ್ದಕ್ಕೆ ಶಿಕ್ಷೆ ಕೊಡೋದು ಕೇಳಿದ್ದೆ ಸಾವ್ಕಾರ್ರೇ. ಹಿಡೀದಿದ್ದಕ್ಕೂ ಕೊಡ್ತಾರೇನ್ರಿ?” ಎಂದ.

ಪರ್ಮಿಟ್ಟು ವಾಪಸ್ ಕೊಡಿ ಎಂದು ಅಲ್ಲೇ ಕೂತು ಅರ್ಜಿ ಬರೆದೆ. ಸಹಿಗೆಂದು ಸಮಿತಿಯವರ ಮನೆಮನೆ ತಿರುಗಿದೆ. ಗೆಂಡೆಯನ್ನು ‘ನಮ್ಮೋರು’ ಎಂದ ಅಧ್ಯಕ್ಷರು, “ಮೀನಿನ ಉಸಾಬರಿ ನಮಗ್ಯಾಕ್ರಿ? ನಾವೇನ್ ತಿನ್ನೋರಾ?” ಎಂದು ಪೆನ್ನಿನ ಕ್ಯಾಪು ಹಾಕಿದರು. ಕೈ ಎತ್ತುವಾಗ ಒಂಬತ್ತು ಜನ. ಸಹಿ ಹಾಕುವಾಗ ನಾನೊಬ್ಬನೇ! ಒಂದೇ ಸಹಿಯ ಆ ಅರ್ಜಿ ಈಗ ಯಾವ ಮೇಜಿನ ಮೇಲೆ ಬಿದ್ದಿದೆಯೋ ಗೊತ್ತಿಲ್ಲ.

ಹನುಮಂತಪ್ಪ ಸದ್ಯ ದಾವಣಗೆರೆಯ ಒಂದು ಗಿರಣಿಯಲ್ಲಿ ಹತ್ತಿಯ ಅಂಡಿಗೆ ಹೊರುತ್ತಿದ್ದಾನೆ. ಕಂಟ್ರಾಕ್ಟರ್ ಹೊಸ ನೈಲಾನ್ ಬಲೆ ತರಿಸಿದ್ದಾನೆ. ಮುಂದಿನ ಮಳೆಗಾಲಕ್ಕೂ ಹೊಳೆಗೆ ಕೆಂಪು ನೀರು ಬರುತ್ತದೆ, ಉಳಿದ ಗೆಂಡೆಗಳು ಬಸುರು ಹೊತ್ತು ಮೇಲಕ್ಕೆ ಹೊರಡುತ್ತವೆ.

ಆಗ ಬಲೆ ಸುತ್ತಿಡಲು ಹೊಳೆಯಲ್ಲಿ ಯಾರಿರುತ್ತಾರೆ?